ಇನ್ನೊಬ್ಬ ಕಿಟೆಲ್

ಕನ್ನಡಿಗರ ಮನೆಯಲ್ಲಿ ಕಿಟೆಲ್ ಎಂದರೆ ನಿಘಂಟು. ನಮ್ಮ ಮನೆಯಲ್ಲೂ ಅಷ್ಟೇ. ಹೀಗಾಗಿ ತಂಗಿಯ ಮಗಳು ಎಂ.ಎಸ್ಸಿ. ಭೌತಶಾಸ್ತ್ರಕ್ಕೆ ಸೀಟು ಸಿಕ್ಕ ಖುಷಿಯಲ್ಲಿ ಊರಿಗೆ ಬಂದು, ಜಗಲಿಯಲ್ಲಿ ಕೂತು, "ಮಾವ, ನಾನು ಕಿಟೆಲ್ ತಗೊಳ್ಳಲೋ ಬೇಡವೋ?" ಎಂದು ಕೇಳಿದಾಗ ನನಗಿಂತ ಮೊದಲು ಒಳಗಿನಿಂದ ನನ್ನ ಅಮ್ಮ ಉತ್ತರ ಕೊಟ್ಟರು: "ದುಡ್ಡು ಕೊಟ್ಟು ಯಾಕೆ ತಗೊಳ್ತೀಯೇ? ನಿನ್ನಜ್ಜನ ಕಿಟೆಲ್ ಅಟ್ಟದ ಮೇಲೆ ಇದೆಯಲ್ಲ, ಇಳಿಸಿಕೋ."

ಹುಡುಗಿ ನಕ್ಕಳು. ನಾನೂ ನಕ್ಕೆ. ಆಮೇಲೆ ಇಬ್ಬರು ಕಿಟೆಲರನ್ನೂ ಅಮ್ಮನಿಗೆ ಪರಿಚಯ ಮಾಡಿಸುವುದರಲ್ಲಿ ಒಂದು ಲೋಟ ಕಾಫಿ ಮುಗಿಯಿತು.

ಅಮ್ಮನ ಕಿಟೆಲ್, ಫರ್ಡಿನಾಂಡ್ ಕಿಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ನಿನ ಮೂಲಕ ಕನ್ನಡ ನಾಡಿಗೆ ಬಂದು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಮಂಗಳೂರಿನಿಂದ ಹೊರತಂದವರು. ಹುಡುಗಿ ಕೇಳಿದ ಕಿಟೆಲ್, ಚಾರ್ಲ್ಸ್ ಕಿಟೆಲ್. 1916ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ದಶಕಗಟ್ಟಲೆ ಪಾಠ ಹೇಳಿದವರು. ಅವರ 'ಇಂಟ್ರೊಡಕ್ಷನ್ ಟು ಸಾಲಿಡ್ ಸ್ಟೇಟ್ ಫಿಸಿಕ್ಸ್' ಮೊದಲು ಬಂದದ್ದು 1953ರಲ್ಲಿ. ಎಂಟನೆಯ ಆವೃತ್ತಿ 2005ರದ್ದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದೇ ಪುಸ್ತಕವನ್ನು ತಿದ್ದುತ್ತ, ಸೇರಿಸುತ್ತ, ತೆಗೆಯುತ್ತ ಬಂದ ಅವರು 2019ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಘನಸ್ಥಿತಿ ಭೌತಶಾಸ್ತ್ರ ಓದಿದವರ ಬಾಯಲ್ಲಿ 'ಕಿಟೆಲ್' ಎಂದರೆ ಈ ಪುಸ್ತಕವೇ.

ಹುಡುಗಿಯ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಮೂವತ್ತು ವರ್ಷ ಇದೇ ವಿಷಯ ಪಾಠ ಮಾಡಿದ ನಾನು, ಒಂದು ಪುಸ್ತಕ ಒಬ್ಬ ವಿದ್ಯಾರ್ಥಿಯನ್ನು ಹೇಗೆ ಎತ್ತಿ ನಿಲ್ಲಿಸುತ್ತದೆ, ಅದೇ ಪುಸ್ತಕ ಇನ್ನೊಬ್ಬರ ಉತ್ಸಾಹವನ್ನು ಹೇಗೆ ಆರಿಸಿಬಿಡುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಮದುವೆಗೆ ಸೀರೆ ಆರಿಸಲು ಮೂರು ಅಂಗಡಿ ಹತ್ತಿ ಇಳಿಯುತ್ತೇವೆ. ಎರಡು ವರ್ಷ ಜೊತೆಗಿರುವ ಪುಸ್ತಕಕ್ಕೆ ಒಂದು ಸಂಜೆ ಕೊಡಬಾರದೇ? ಕೊಟ್ಟೆವು. ಆ ಸಂಜೆಯ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಶಾಸ್ತ್ರ ಏನನ್ನು ಕೇಳುತ್ತದೆ ಎಂದು ಹೇಳಬೇಕು. ತಾಮ್ರದ ತಂತಿಯಲ್ಲಿ ಕರೆಂಟು ಹರಿಯುತ್ತದೆ, ಉಪ್ಪಿನ ಹರಳಿನಲ್ಲಿ ಹರಿಯುವುದಿಲ್ಲ. ಯಾಕೆ? ವಜ್ರವೂ ಇಂಗಾಲ, ಪೆನ್ಸಿಲ್ಲಿನ ಕಡ್ಡಿಯ ಗ್ರ್ಯಾಫೈಟೂ ಇಂಗಾಲ. ಒಂದು ಗಾಜಿಗಿಂತ ತಿಳಿ, ಇನ್ನೊಂದು ಕಪ್ಪು. ಯಾಕೆ? ಒಳ್ಳೆಯ ವಾಹಕಕ್ಕೂ ಒಳ್ಳೆಯ ಅವಾಹಕಕ್ಕೂ ವಿದ್ಯುತ್ ರೋಧದಲ್ಲಿರುವ ಅಂತರವನ್ನು ಬರೆಯಲು 1ರ ಮುಂದೆ 20ಕ್ಕಿಂತ ಹೆಚ್ಚು ಸೊನ್ನೆ ಹಾಕಬೇಕು. ಎರಡರಲ್ಲೂ ಇರುವುದು ಎಲೆಕ್ಟ್ರಾನುಗಳು ಮತ್ತು ಪರಮಾಣು ಬೀಜಗಳೇ. ಇಷ್ಟು ದೊಡ್ಡ ಅಂತರ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದರಿಂದಲೇ ಟ್ರಾನ್ಸಿಸ್ಟರ್ ಬಂತು, ಚಿಪ್ ಬಂತು, ನಿಮ್ಮ ಕೈಯ ಮೊಬೈಲು ಬಂತು. ಇಂಥ ಶಾಸ್ತ್ರವನ್ನು ಪರೀಕ್ಷೆಯ ಹದಿನಾರು ಅಂಕದ ಪ್ರಶ್ನೆಗಳಾಗಿ ಮಾತ್ರ ಕಂಡು ಮುಗಿಸುವ ಮಕ್ಕಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಈ ಶಾಸ್ತ್ರದ ಮನೆಗೆ ಮೂರು ಬಾಗಿಲು. ಯಾವ ಪುಸ್ತಕ ಯಾವ ಬಾಗಿಲಿನಿಂದ ಒಳಗೆ ಕರೆದೊಯ್ಯುತ್ತದೆ ಎಂದು ನೋಡಿದರೆ ಅದರ ಸ್ವಭಾವ ಅರ್ಧ ತಿಳಿಯಿತು.

ಮೊದಲನೆಯದು ಸ್ಫಟಿಕದ ಬಾಗಿಲು. ಕಿಟೆಲ್ ಅಲ್ಲಿಂದಲೇ ಶುರು. ಪರಮಾಣುಗಳು ಸಾಲಾಗಿ, ಓರಣವಾಗಿ, ಒಂದೇ ಮಾದರಿ ಮತ್ತೆ ಮತ್ತೆ ಬರುವಂತೆ ಕೂತಿರುವುದನ್ನು ಮೊದಲು ನೋಡು ಎನ್ನುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ. ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕುವವರೆಲ್ಲ ಜಾಲಕ ಕಟ್ಟಿದವರೇ. ಮೊದಲು ಚುಕ್ಕಿ, ಆಮೇಲೆ ಎಳೆ. ಸ್ಫಟಿಕಶಾಸ್ತ್ರದಲ್ಲೂ ಮೊದಲು ಬಿಂದುಗಳ ಜಾಲಕ, ಆಮೇಲೆ ಪ್ರತಿ ಬಿಂದುವಿನಲ್ಲಿ ಕೂರುವ ಪರಮಾಣುಗಳ ಗುಂಪು. ಮೂರು ಆಯಾಮದಲ್ಲಿ ಇಂಥ ಜಾಲಕಗಳು 14 ಮಾತ್ರ. ಪರಮಾಣುಗಳ ಗುಂಪಿನ ಸಮ್ಮಿತಿಯನ್ನೂ ಸೇರಿಸಿಕೊಂಡರೆ 230 ಬಗೆ. ಹದಿನೈದನೆಯ ಜಾಲಕ ಇಲ್ಲ, 231ನೆಯ ಬಗೆ ಇಲ್ಲ. ಪ್ರಕೃತಿಯ ವೈವಿಧ್ಯಕ್ಕೆ ಹೀಗೊಂದು ಗಟ್ಟಿ ಲೆಕ್ಕ ಇರುವುದು ನನಗೆ ಇಂದಿಗೂ ರೋಮಾಂಚನ ತರುವ ವಿಷಯ. ರಂಗೋಲಿ ಹಾಕುತ್ತಿದ್ದ ವಿದ್ಯಾರ್ಥಿನಿಯರು ಈ ಅಧ್ಯಾಯವನ್ನು ಉಳಿದವರಿಗಿಂತ ಬೇಗ ಹಿಡಿಯುತ್ತಿದ್ದುದನ್ನು ನಾನು ಪ್ರತಿ ವರ್ಷ ಕಂಡೆ.

ಎರಡನೆಯದು ಎಲೆಕ್ಟ್ರಾನಿನ ಬಾಗಿಲು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನೀಲ್ ಆ್ಯಶ್‌ಕ್ರಾಫ್ಟ್ ಮತ್ತು ಡೇವಿಡ್ ಮರ್ಮಿನ್ ಇಬ್ಬರೂ ಸೇರಿ ಬರೆದು 1976ರಲ್ಲಿ ಪ್ರಕಟಿಸಿದ 'ಸಾಲಿಡ್ ಸ್ಟೇಟ್ ಫಿಸಿಕ್ಸ್' ಹೀಗೆ ಪ್ರವೇಶಿಸುತ್ತದೆ. 34 ಅಧ್ಯಾಯ, 800ಕ್ಕೂ ಹೆಚ್ಚು ಪುಟ. ಸ್ಫಟಿಕದ ಮಾತು ಬರುವುದು ನಾಲ್ಕನೆಯ ಅಧ್ಯಾಯದಲ್ಲಿ. ಅದಕ್ಕಿಂತ ಮೊದಲು ಲೋಹ ಎಂದರೇನು, ಅದರಲ್ಲಿ ಎಲೆಕ್ಟ್ರಾನುಗಳು ಹೇಗೆ ಓಡಾಡುತ್ತವೆ ಎಂಬ ಪ್ರಶ್ನೆ. ಅದೂ ಎಲ್ಲಿಂದ? ಇಂದಿನ ಸರಿಯಾದ ಸಿದ್ಧಾಂತದಿಂದಲ್ಲ, 1900ರಲ್ಲಿ ಪಾಲ್ ಡ್ರೂಡೆ ಮಾಡಿದ, ಸೋತುಹೋದ ಸಿದ್ಧಾಂತದಿಂದ.

ಈ ಡ್ರೂಡೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಎಲೆಕ್ಟ್ರಾನ್ ಪತ್ತೆಯಾಗಿ ಮೂರೇ ವರ್ಷ ಆಗಿತ್ತು. ಡಬ್ಬಿಯಲ್ಲಿ ತುಂಬಿದ ಅನಿಲದ ಕಣಗಳ ಹಾಗೆ ಲೋಹದೊಳಗೆ ಎಲೆಕ್ಟ್ರಾನುಗಳು ಓಡುತ್ತ, ಢಿಕ್ಕಿ ಹೊಡೆಯುತ್ತ ಇರುತ್ತವೆ ಎಂದು ಡ್ರೂಡೆ ಊಹಿಸಿದ. ಓಮನ ನಿಯಮ ಸಲೀಸಾಗಿ ಬಂತು. ಬಿಸಿಯನ್ನು ಚೆನ್ನಾಗಿ ಸಾಗಿಸುವ ಲೋಹವೇ ಕರೆಂಟನ್ನೂ ಚೆನ್ನಾಗಿ ಸಾಗಿಸುತ್ತದೆ, ಇವೆರಡರ ಅನುಪಾತ ಒಂದೇ ತಾಪದಲ್ಲಿ ಎಲ್ಲ ಲೋಹಗಳಿಗೂ ಹೆಚ್ಚುಕಡಿಮೆ ಒಂದೇ ಎಂದು ವೀಡೆಮಾನ್ ಮತ್ತು ಫ್ರಾಂಟ್ಸ್ 1853ರಲ್ಲೇ ಕಂಡಿದ್ದರು. ಡ್ರೂಡೆಯ ಲೆಕ್ಕದಲ್ಲಿ ಆ ಅನುಪಾತವೂ ಅಳತೆಗೆ ಹತ್ತಿರ ಬಂದುಬಿಟ್ಟಿತು. ದೊಡ್ಡ ಗೆಲುವು! ಆದರೆ ಆ ಗೆಲುವಿನ ಒಳಗೆ ಎರಡು ಭಾರಿ ತಪ್ಪುಗಳು ಅಡಗಿದ್ದವು. ಎಲೆಕ್ಟ್ರಾನುಗಳು ಹೀರಿಕೊಳ್ಳುವ ಬಿಸಿಯನ್ನು ಆತ ನಿಜಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು ಅಂದಾಜು ಮಾಡಿದ್ದ. ಅವುಗಳ ವೇಗದ ವರ್ಗವನ್ನು ಸುಮಾರು ನೂರು ಪಟ್ಟು ಕಡಿಮೆ ಅಂದಾಜು ಮಾಡಿದ್ದ. ಎರಡನ್ನೂ ಗುಣಿಸಿದಾಗ ತಪ್ಪು ತಪ್ಪನ್ನು ನುಂಗಿತು. ಸತ್ಯ ಹೊರಬೀಳಲು ಕ್ವಾಂಟಂ ಸಿದ್ಧಾಂತ ಹುಟ್ಟಿ, 1927-28ರಲ್ಲಿ ಸೊಮ್ಮರ್‌ಫೆಲ್ಡ್ ಅದನ್ನು ಲೋಹಕ್ಕೆ ಅನ್ವಯಿಸಬೇಕಾಯಿತು.

ಆ್ಯಶ್‌ಕ್ರಾಫ್ಟ್-ಮರ್ಮಿನ್ ಪುಸ್ತಕದ ಮೊದಲ ಅಧ್ಯಾಯ ಡ್ರೂಡೆ, ಎರಡನೆಯದು ಸೊಮ್ಮರ್‌ಫೆಲ್ಡ್, ಮೂರನೆಯದರ ತಲೆಬರಹವೇ ಈ ಮಾದರಿಯ ಸೋಲುಗಳು. ಮುಂದೆ ಅಲುಗಾಡದ ಜಾಲಕ ಎಂಬ ಕಲ್ಪನೆ ಎಲ್ಲಿ ಸೋಲುತ್ತದೆ ಎಂಬುದಕ್ಕೂ ಬೇರೆ ಅಧ್ಯಾಯ ಉಂಟು. ಹೀಗೆ ಸೋಲಿಗೆ ಇಡೀ ಅಧ್ಯಾಯ ಮೀಸಲಿಟ್ಟ ಪಠ್ಯಪುಸ್ತಕವನ್ನು ನಾನು ಓದಿದ್ದು ಅದೇ ಮೊದಲು. ಉತ್ತರವನ್ನು ನೇರವಾಗಿ ಕೈಗಿಡುವ ಬದಲು, ಯಾವ ಪ್ರಯೋಗ ಹಳೆಯ ಉತ್ತರವನ್ನು ಮುರಿಯಿತು ಎಂದು ತೋರಿಸಿ, ಹೊಸ ಉತ್ತರದ ಅಗತ್ಯವನ್ನು ಓದುವವರೊಳಗೇ ಹುಟ್ಟಿಸುತ್ತಾರೆ. ವಿಜ್ಞಾನಿಯಾಗಬೇಕಾದವರು ಕಲಿಯಬೇಕಾದ ನಡಿಗೆ ಇದೇ.

ಇನ್ನೊಂದು ಮಾತು, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗಾಗಿ. ದಪ್ಪ ಪುಸ್ತಕ ಕಷ್ಟ, ತೆಳುವಾದದ್ದು ಸುಲಭ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇಲ್ಲಿ ಅದು ತಲೆಕೆಳಗು. ಕಿಟೆಲ್ ಮಿತಭಾಷಿ. ಒಂದು ವಾಕ್ಯದಲ್ಲಿ ಮೂರು ಹೆಜ್ಜೆ ಹಾರಿಬಿಡುತ್ತಾರೆ. ಆ ಹೆಜ್ಜೆಗಳನ್ನು ತುಂಬಿಕೊಡಲು ಮೇಷ್ಟ್ರು ಬೇಕು. ಆ್ಯಶ್‌ಕ್ರಾಫ್ಟ್ ಮತ್ತು ಮರ್ಮಿನ್ ಎದುರು ಕೂತು ಮಾತಾಡುವವರ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಾರೆ. ಪುಟ ಹೆಚ್ಚು, ಆದರೆ ಒಂಟಿಯಾಗಿ ಓದುವವರಿಗೆ ಆ ಹೆಚ್ಚಿನ ಪುಟಗಳೇ ಮೇಷ್ಟ್ರು. ನನ್ನ ಕಾಲದಲ್ಲಿ ಕಾಲೇಜಿನ ಲೈಬ್ರರಿಯಲ್ಲಿ ಅದರ ಒಂದೇ ಪ್ರತಿ ಇತ್ತು, ಬೀಗ ಹಾಕಿದ ಗಾಜಿನ ಬೀರುವಿನಲ್ಲಿ. ಬೆನ್ನು ಮಾತ್ರ ಕಾಣುತ್ತಿತ್ತು. ಎರಡು ವರ್ಷದಲ್ಲಿ ನನ್ನ ಕೈಗೆ ಅದು ಬಂದದ್ದು ಮೂರು ವಾರ. ಆ ಮೂರು ವಾರ ರಾತ್ರಿ ಕೂತು ಮೊದಲ ಮೂರು ಅಧ್ಯಾಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಆ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ. ಪುಸ್ತಕ ಬೀರುವಿನೊಳಗೆ ಸುರಕ್ಷಿತವಾಗಿದ್ದರೆ ಯಾರಿಗೆ ಲಾಭ ಎಂದು ಅಂದು ಅನ್ನಿಸಿತ್ತು, ಇಂದೂ ಹಾಗೇ ಅನ್ನಿಸುತ್ತದೆ.

ಮೂರನೆಯದು ಬಿಸಿಯ ಬಾಗಿಲು. ಆಕ್ಸ್‌ಫರ್ಡಿನ ಸ್ಟೀವನ್ ಸೈಮನ್ 2013ರಲ್ಲಿ ಪ್ರಕಟಿಸಿದ 'ದಿ ಆಕ್ಸ್‌ಫರ್ಡ್ ಸಾಲಿಡ್ ಸ್ಟೇಟ್ ಬೇಸಿಕ್ಸ್' ಈ ದಾರಿಯದು. ತರಗತಿಯ ಪಾಠದಿಂದ ಬೆಳೆದ ಪುಸ್ತಕ, ಸ್ನಾತಕೋತ್ತರಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಅದಕ್ಕೇ ಎಂ.ಎಸ್ಸಿ. ಶುರುವಾಗುವ ಮೊದಲಿನ ರಜೆಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ತೋರದು. ಒಂದು ವಸ್ತುವನ್ನು ಒಂದು ಡಿಗ್ರಿ ಬಿಸಿ ಮಾಡಲು ಎಷ್ಟು ಶಕ್ತಿ ಬೇಕು ಎಂಬ ಸರಳ ಪ್ರಶ್ನೆಯಿಂದ ಹೊರಡುತ್ತದೆ.

ಸರಳ ಎಂದೆ. ಆದರೆ ಈ ಪ್ರಶ್ನೆ ನಮ್ಮನ್ನು ಬೆಂಗಳೂರಿನವರೆಗೆ ಎಳೆದುತರುತ್ತದೆ. 1819ರಲ್ಲಿ ಡ್ಯುಲಾಂಗ್ ಮತ್ತು ಪೆಟಿ ಎಂಬ ಇಬ್ಬರು ಫ್ರೆಂಚರು, ಘನ ಮೂಲವಸ್ತು ಯಾವುದೇ ಇರಲಿ, ಅದರ ಒಂದು ಮೋಲ್ ಬಿಸಿಯಾಗಲು ಡಿಗ್ರಿಗೆ ಸುಮಾರು 25 ಜೂಲ್ ಬೇಕು ಎಂದು ಕಂಡುಕೊಂಡರು. ಸೀಸ, ತಾಮ್ರ, ಬೆಳ್ಳಿ ಎಲ್ಲವೂ ಒಪ್ಪಿದವು. ವಜ್ರ ಮಾತ್ರ ಒಪ್ಪಲಿಲ್ಲ. ಅದಕ್ಕೆ ಕೋಣೆಯ ತಾಪದಲ್ಲಿ ಸುಮಾರು 6 ಜೂಲ್ ಸಾಕು. ಈ ಹಠಮಾರಿ ವಜ್ರವನ್ನು ಹಿಡಿದು 1907ರಲ್ಲಿ ಐನ್‌ಸ್ಟೈನ್, ಪರಮಾಣುಗಳ ಕಂಪನವೂ ಕಂತು ಕಂತಾಗಿಯೇ ಶಕ್ತಿ ಪಡೆಯುತ್ತದೆ ಎಂದರು. ವಜ್ರದಲ್ಲಿ ಪರಮಾಣುಗಳ ನಡುವಿನ ಬಂಧ ಬಿಗಿ, ಕಂಪನ ವೇಗದ್ದು, ಹಾಗಾಗಿ ಒಂದೊಂದು ಕಂತೂ ದೊಡ್ಡದು. ಕೋಣೆಯ ತಾಪದಲ್ಲಿ ಅಷ್ಟು ದೊಡ್ಡ ಕಂತು ಎಲ್ಲಕ್ಕೂ ಸಿಗುವುದಿಲ್ಲ. 1912ರಲ್ಲಿ ಡಿಬೈ ಇದನ್ನು ತಿದ್ದಿ, ಪರಮಾಣುಗಳು ಒಂಟಿಯಾಗಿ ಕಂಪಿಸುವುದಿಲ್ಲ, ಇಡೀ ಸ್ಫಟಿಕ ಅಲೆಅಲೆಯಾಗಿ ಕಂಪಿಸುತ್ತದೆ ಎಂದರು. ಅದೇ ವರ್ಷ ಮ್ಯಾಕ್ಸ್ ಬಾರ್ನ್ ಮತ್ತು ಫಾನ್ ಕಾರ್ಮಾನ್ ಜಾಲಕದ ಕಂಪನದ ಪೂರ್ಣ ಗಣಿತ ಕಟ್ಟಿದರು.

ಈ ಮ್ಯಾಕ್ಸ್ ಬಾರ್ನ್ ಬೆಂಗಳೂರಿನಲ್ಲಿದ್ದರು. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಅವರನ್ನು, ಆಗ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಕರೆಸಿಕೊಂಡರು. 1935-36ರಲ್ಲಿ ಸುಮಾರು ಆರು ತಿಂಗಳು ಬಾರ್ನ್ ನಮ್ಮ ನಾಡಿನ ಬಿಸಿಲಿಗೆ ಮೈ ಕಾಯಿಸಿಕೊಂಡರು. ಆಮೇಲೆ ಎಡಿನ್‌ಬರೋಗೆ ಹೋದರು. ಮುಂದೆ 1940ರ ದಶಕದಲ್ಲಿ ಇವರಿಬ್ಬರ ನಡುವೆಯೇ ದೊಡ್ಡ ವಾದ ಎದ್ದಿತು. ಸ್ಫಟಿಕದ ಕಂಪನಗಳು ಕೆಲವೇ ನಿರ್ದಿಷ್ಟ ಆವೃತ್ತಿಗಳಲ್ಲಿ ಇರುತ್ತವೆ ಎಂದು ರಾಮನ್. ಇಲ್ಲ, ಅವು ಒತ್ತೊತ್ತಾಗಿ, ಹೆಚ್ಚುಕಡಿಮೆ ಎಡೆಬಿಡದೆ ಹರಡಿರುತ್ತವೆ ಎಂದು ಬಾರ್ನ್. ವಾದದ ನಡುವೆ ನಿಂತದ್ದು ಮತ್ತೆ ಅದೇ ವಜ್ರ! ವಿಜ್ಞಾನ ಸಂಸ್ಥೆಯಲ್ಲಿ ಆರ್.ಎಸ್. ಕೃಷ್ಣನ್ ವಜ್ರದ ರೋಹಿತವನ್ನು ಅತ್ಯಂತ ಸೂಕ್ಷ್ಮವಾಗಿ ತೆಗೆದರು. 1948ರಲ್ಲಿ ಬಾರ್ನ್ ಅವರ ಶಿಷ್ಯೆ ಹೆಲೆನ್ ಸ್ಮಿತ್ ಜಾಲಕ ಸಿದ್ಧಾಂತದಿಂದಲೇ ಅಂಥ ರೋಹಿತವನ್ನು ಲೆಕ್ಕ ಹಾಕಿ ತೋರಿಸಿದರು. ಕಾಲ ಬಾರ್ನ್ ಅವರ ಪಕ್ಷ ಹಿಡಿಯಿತು. ಆಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ ಕಂಪನಗಳನ್ನು ನೇರವಾಗಿಯೇ ಅಳೆಯಲು ಸಾಧ್ಯವಾಯಿತು. ಆ ವಿಧಾನ ಕಟ್ಟಿದ ಬ್ರಾಕ್‌ಹೌಸ್ ಅವರಿಗೆ 1994ರಲ್ಲಿ ನೊಬೆಲ್ ಸಿಕ್ಕಿತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರಾಮನ್ ಕೂಡಿಟ್ಟ ವಜ್ರ ಮತ್ತು ಹರಳುಗಳ ಸಂಗ್ರಹವನ್ನು ನೋಡುವಾಗೆಲ್ಲ ನನಗೆ ಈ ವಾದ ನೆನಪಾಗುತ್ತದೆ. ರಾಮನ್ ದೊಡ್ಡವರು, ಈ ವಿಷಯದಲ್ಲಿ ಅವರ ನಿಲುವು ನಿಲ್ಲಲಿಲ್ಲ. ಎರಡೂ ನಿಜ. ಪಠ್ಯಪುಸ್ತಕದಲ್ಲಿ ಜಾಲಕ ಕಂಪನದ ಪಾಠ ಹತ್ತು ಸಾಲಿನಲ್ಲಿ ಮುಗಿದು, ನಿರ್ವಿವಾದ ಸತ್ಯದ ಹಾಗೆ ಕಾಣುತ್ತದೆ. ಆ ಹತ್ತು ಸಾಲಿಗಾಗಿ ನಮ್ಮ ನಾಡಿನಲ್ಲೇ ಎಂಥ ಹಣಾಹಣಿ ನಡೆಯಿತು ಎಂದು ತಿಳಿದರೆ ಓದುವ ರುಚಿಯೇ ಬೇರೆ. ಬಾರ್ನ್ ಮತ್ತು ಚೀನಾದ ಹುವಾಂಗ್ ಕುನ್ ಸೇರಿ 1954ರಲ್ಲಿ ಪ್ರಕಟಿಸಿದ ಸ್ಫಟಿಕ ಜಾಲಕಗಳ ಚಲನ ಸಿದ್ಧಾಂತದ ಗ್ರಂಥ ಇಂದಿಗೂ ಆ ವಿಷಯದ ಆಕರ. ಎಂ.ಎಸ್ಸಿ.ಗೆ ಅದನ್ನು ಕೊಳ್ಳಬೇಕಿಲ್ಲ. ಲೈಬ್ರರಿಯಲ್ಲಿ ಒಮ್ಮೆ ಕೈಗೆತ್ತಿಕೊಂಡು ನೋಡಬೇಕು.

ಇಷ್ಟು ಹೊತ್ತಿಗೆ ಕತ್ತಲಾಗಿತ್ತು. ಹುಡುಗಿ ಕೇಳಿದಳು, "ಮಾವ, ಮೂರು ಬಾಗಿಲೂ ಚೆನ್ನಾಗಿವೆ ಅಂತೀರಿ. ಅಂಗಡಿಯಲ್ಲಿ ನಿಂತಾಗ ನಾನು ಹೇಗೆ ಆರಿಸಲಿ?"

ಅದಕ್ಕೆ ನನ್ನದೊಂದು ಪರೀಕ್ಷೆ ಇದೆ. ಪುಸ್ತಕದ ಮುನ್ನುಡಿ ಓದಬೇಡ, ಬೆನ್ನಿನ ಹೊಗಳಿಕೆ ಓದಬೇಡ. ಎಲ್ಲ ಪುಸ್ತಕದಲ್ಲೂ ಬ್ಲಾಖ್ ಪ್ರಮೇಯ ಎಂಬುದು ಇರುತ್ತದೆ. ಆ ಭಾಗವನ್ನು ತೆರೆ. ನಿಂತಲ್ಲೇ ಐದು ಪುಟ ಓದು.

ಬ್ಲಾಖ್ ಪ್ರಮೇಯವೇ ಯಾಕೆ? ನಮ್ಮ ಅಡಿಕೆ ತೋಟವನ್ನು ನೆನೆಸಿಕೊಳ್ಳಿ. ಸಾಲು ಸಾಲು ಮರ. ಕಣ್ಣು ಕಟ್ಟಿಕೊಂಡು ಯಾವುದೋ ದಿಕ್ಕಿಗೆ ಓಡಿದರೆ ನಾಲ್ಕು ಹೆಜ್ಜೆಗೆ ಒಂದು ಮರಕ್ಕೆ ಢಿಕ್ಕಿ. ಲೋಹದೊಳಗೆ ಪರಮಾಣುಗಳು ಅಡಿಕೆ ಮರಕ್ಕಿಂತ ಒತ್ತಾಗಿವೆ. ಆದರೂ ಶುದ್ಧ ಲೋಹದಲ್ಲಿ ಎಲೆಕ್ಟ್ರಾನ್ ನೂರಾರು ಪರಮಾಣುಗಳನ್ನು ದಾಟಿ ಹೋಗುತ್ತದೆ, ತಂಪು ಮಾಡಿದಷ್ಟೂ ಇನ್ನೂ ದೂರ ಹೋಗುತ್ತದೆ. ಹೇಗೆ? ಲೈಪ್ಜಿಗ್ಗಿನಲ್ಲಿ ಹೈಸನ್‌ಬರ್ಗ್ ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಫೆಲಿಕ್ಸ್ ಬ್ಲಾಖ್ ಎಂಬ ತರುಣ 1928ರಲ್ಲಿ ಉತ್ತರ ಕೊಟ್ಟ. ಎಲೆಕ್ಟ್ರಾನ್ ಅಲೆಯೂ ಹೌದು. ಸಾಲು ಕೆಡದ ಜಾಲಕದಲ್ಲಿ ಆ ಅಲೆ ಪ್ರತಿ ಪರಮಾಣುವಿನ ತಾಳಕ್ಕೆ ಹೊಂದಿಕೊಂಡು ಅಡೆತಡೆ ಇಲ್ಲದೆ ಸಾಗುತ್ತದೆ. ಅದನ್ನು ತಡೆಯುವುದು ಸಾಲಿನ ಓರಣ ಕೆಟ್ಟಾಗ ಮಾತ್ರ: ಎಲ್ಲೋ ಒಂದು ಬೇರೆ ಜಾತಿಯ ಪರಮಾಣು ಸೇರಿಕೊಂಡಾಗ, ಬಿಸಿಯಿಂದ ಜಾಲಕವೇ ನಡುಗಿದಾಗ. ವಾಹಕ, ಅವಾಹಕ, ಅರೆವಾಹಕ ಎಂಬ ಇಡೀ ವಿಂಗಡಣೆ ಈ ಒಂದು ಮಾತಿನಿಂದ ಹೊರಡುತ್ತದೆ. ಇದನ್ನು ಯಾವ ಪುಸ್ತಕ ನಿನಗೆ ಮುಟ್ಟಿಸುತ್ತದೆಯೋ ಅದೇ ನಿನ್ನ ಪುಸ್ತಕ. ಕಿಟೆಲ್ ಚೊಕ್ಕವಾಗಿ, ಚಿಕ್ಕದಾಗಿ ಹೇಳುತ್ತಾರೆ. ಆ್ಯಶ್‌ಕ್ರಾಫ್ಟ್-ಮರ್ಮಿನ್ ಒಂದಲ್ಲ, ಎರಡು ಬಗೆಯಲ್ಲಿ ಸಾಧಿಸಿ ತೋರಿಸುತ್ತಾರೆ. ಬ್ರಿಸ್ಟಲ್ಲಿನ ಜಾನ್ ಜೈಮನ್ ಅವರ 'ಪ್ರಿನ್ಸಿಪಲ್ಸ್ ಆಫ್ ದ ಥಿಯರಿ ಆಫ್ ಸಾಲಿಡ್ಸ್' 1964ರದ್ದು. ಅದರಲ್ಲಿ ಗಣಿತ ಮತ್ತು ಮಾತು ಒಂದಕ್ಕೊಂದು ಹೆಗಲು ಕೊಟ್ಟು ನಡೆಯುತ್ತವೆ. ಸಿದ್ಧಾಂತದ ಕಡೆ ಒಲವಿರುವ ಮಕ್ಕಳಿಗೆ ಅದು ಬಹಳ ಹಿಡಿಸುತ್ತದೆ.

ಐದು ಪುಟ ಆದ ಮೇಲೆ ಅಧ್ಯಾಯದ ಕೊನೆಯ ಲೆಕ್ಕಗಳನ್ನು ನೋಡಬೇಕು. ಸೂತ್ರಕ್ಕೆ ಅಂಕಿ ಹಾಕಿ ಗುಣಿಸುವುದಷ್ಟೇ ಇದ್ದರೆ ಆ ಪುಸ್ತಕ ಸ್ನಾತಕೋತ್ತರ ಮಟ್ಟದ್ದಲ್ಲ. ಆ್ಯಶ್‌ಕ್ರಾಫ್ಟ್-ಮರ್ಮಿನ್ ಪುಸ್ತಕದಲ್ಲಿ ಪಾಠದ ಎಷ್ಟೋ ಮುಖ್ಯ ಫಲಿತಾಂಶಗಳನ್ನು ಲೆಕ್ಕಗಳ ಮೂಲಕ ನಾವೇ ಕಂಡುಕೊಳ್ಳುವಂತೆ ಇಟ್ಟಿದ್ದಾರೆ. ಲೆಕ್ಕ ಬಿಟ್ಟು ಅದನ್ನು ಓದಿದವರು ಅರ್ಧ ಪುಸ್ತಕ ಮಾತ್ರ ಓದಿದವರು.

ಕೊಳ್ಳುವ ಮುನ್ನ ತಿಳಿದಿರಬೇಕಾದ ಎರಡು ಸಂಗತಿ. ಒಂದು, ಏಕಮಾನ. ಆ್ಯಶ್‌ಕ್ರಾಫ್ಟ್-ಮರ್ಮಿನ್ ಬಳಸುವುದು ಹಳೆಯ ಗೌಸಿಯನ್ ಪದ್ಧತಿ. ಬಿ.ಎಸ್ಸಿ.ಯಲ್ಲಿ ಎಸ್‌ಐ ಪದ್ಧತಿಯಲ್ಲೇ ಬೆಳೆದ ಮಕ್ಕಳಿಗೆ ಸಮೀಕರಣಗಳಲ್ಲಿ ಬೆಳಕಿನ ವೇಗ ಹೊಸ ಜಾಗಗಳಲ್ಲಿ ಕಾಣಿಸಿಕೊಂಡು ಗಲಿಬಿಲಿಯಾಗುತ್ತದೆ. ಮೊದಲ ವಾರವೇ ಎರಡೂ ಪದ್ಧತಿಯ ಒಂದು ಪಟ್ಟಿ ಬರೆದು ಮೇಜಿನ ಮುಂದೆ ಅಂಟಿಸಿಕೊಂಡರೆ ಕಷ್ಟ ಅಲ್ಲಿಗೇ ಮುಗಿಯಿತು. ಕಿಟೆಲ್ ಅನೇಕ ಕಡೆ ಎರಡೂ ಪದ್ಧತಿಯಲ್ಲಿ ಕೊಡುತ್ತಾರೆ.

ಎರಡು, ವಯಸ್ಸು. 1976ರ ಪುಸ್ತಕಕ್ಕೆ ಆಮೇಲಿನ ಸುದ್ದಿ ಗೊತ್ತಿರುವುದು ಹೇಗೆ? 1980ರಲ್ಲಿ ಫಾನ್ ಕ್ಲಿಟ್ಜಿಂಗ್ ಕಂಡ ಕ್ವಾಂಟಂ ಹಾಲ್ ಪರಿಣಾಮ ಅದರಲ್ಲಿಲ್ಲ. ಸ್ಫಟಿಕದಲ್ಲಿ ಐದರ ಸಮ್ಮಿತಿ ಸಾಧ್ಯವಿಲ್ಲ ಎಂದು ಎಲ್ಲ ಪುಸ್ತಕಗಳೂ ಪಾಠ ಹೇಳುತ್ತಿದ್ದಾಗ, 1982ರಲ್ಲಿ ಡ್ಯಾನ್ ಶೆಕ್ಟ್‌ಮನ್ ಸೂಕ್ಷ್ಮದರ್ಶಕದಲ್ಲಿ ಕಂಡ, ಆ ಪಾಠವನ್ನೇ ಮುರಿದ ಹತ್ತು ಚುಕ್ಕಿಗಳ ವೃತ್ತ ಅದರಲ್ಲಿಲ್ಲ. 1986ರಲ್ಲಿ ಬೆಡ್ನಾರ್ಟ್ಸ್ ಮತ್ತು ಮ್ಯುಲರ್ ಕಂಡ, ರೋಧವಿಲ್ಲದೆ ಕರೆಂಟು ಹರಿಸುವ ಹೊಸ ಬಗೆಯ ಅತಿವಾಹಕಗಳಿಲ್ಲ, 2004ರ ಗ್ರ್ಯಾಫೀನ್ ಇಲ್ಲ. ಹಾಗೆಂದು ಪುಸ್ತಕ ಹಳತಾಯಿತೇ? ಅಡಿಪಾಯ ಹಳತಾಗಿಲ್ಲ. ಬ್ಲಾಖ್, ಡಿಬೈ ಅಂದು ಎಷ್ಟು ಸರಿಯೋ ಇಂದೂ ಅಷ್ಟೇ ಸರಿ. ಮೇಲಿನ ಅಂತಸ್ತಿಗೆ ಹೊಸ ಪುಸ್ತಕ ಬೇಕು. ಮೈಕೆಲ್ ಮಾರ್ಡರ್ ಅವರ 'ಕಂಡೆನ್ಸ್ಡ್ ಮ್ಯಾಟರ್ ಫಿಸಿಕ್ಸ್' ಮೊದಲು 2000ದಲ್ಲೂ ಎರಡನೆಯ ಆವೃತ್ತಿಯಾಗಿ 2010ರಲ್ಲೂ ಬಂತು. ಸ್ಟೀವನ್ ಗರ್ವಿನ್ ಮತ್ತು ಕುನ್ ಯಾಂಗ್ ಅವರ 'ಮಾಡರ್ನ್ ಕಂಡೆನ್ಸ್ಡ್ ಮ್ಯಾಟರ್ ಫಿಸಿಕ್ಸ್' 2019ರದ್ದು. ಕ್ವಾಂಟಂ ಹಾಲ್ ಪರಿಣಾಮ, ಈಚಿನ ಟೊಪಾಲಜಿಯ ವಿಚಾರಗಳು ಅದರಲ್ಲಿ ವಿಸ್ತಾರವಾಗಿ ಸಿಗುತ್ತವೆ. ಸಂಶೋಧನೆಗೆ ಹೋಗುವ ಆಸೆ ಇರುವವರು ಎರಡನೆಯ ವರ್ಷದಲ್ಲಿ ಇದನ್ನು ತೆರೆಯಲೇಬೇಕು.

ಈ ಶಾಸ್ತ್ರದ ಹೆಸರೇ ಬದಲಾದದ್ದನ್ನು ಓದುಗರು ಗಮನಿಸಿರಬಹುದು. ಹಿಂದೆ 'ಘನಸ್ಥಿತಿ'. ಈಗ ದ್ರವ, ಪಾಲಿಮರ್, ದ್ರವಸ್ಫಟಿಕ ಎಲ್ಲ ಸೇರಿ 'ಸಾಂದ್ರ ವಸ್ತು'. ಫಿಲಿಪ್ ಆ್ಯಂಡರ್ಸನ್ 1972ರಲ್ಲಿ ಬರೆದ 'ಮೋರ್ ಈಸ್ ಡಿಫರೆಂಟ್' ಎಂಬ ನಾಲ್ಕು ಪುಟದ ಲೇಖನವನ್ನು ಈ ದಾರಿಗೆ ಬರುವ ಪ್ರತಿಯೊಬ್ಬರೂ ಓದಬೇಕು. ಕಣಗಳು ಕೋಟಿಗಟ್ಟಲೆ ಸೇರಿದಾಗ, ಒಂದೊಂದನ್ನು ಬಿಡಿಯಾಗಿ ನೋಡಿದರೆ ಕಾಣದ ಹೊಸ ನಿಯಮಗಳು ಹುಟ್ಟುತ್ತವೆ ಎಂಬುದು ಅದರ ತಿರುಳು. ಅದೇ ಆ್ಯಂಡರ್ಸನ್ 1979ರಲ್ಲಿ ಇನ್ನು ಮೂವರ ಜೊತೆ ಬರೆದ, ಓರಣ ಕೆಟ್ಟ ವಸ್ತುಗಳಲ್ಲಿ ಎಲೆಕ್ಟ್ರಾನುಗಳು ಹೇಗೆ ಸಿಕ್ಕಿಬೀಳುತ್ತವೆ ಎಂಬ ಪ್ರಸಿದ್ಧ ಲೇಖನದ ಆ ಮೂವರಲ್ಲಿ ಟಿ.ವಿ. ರಾಮಕೃಷ್ಣನ್ ಒಬ್ಬರು. ಅವರು ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದರು. ಅದೇ ಸಂಸ್ಥೆಯಲ್ಲಿ 1976ರಲ್ಲಿ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರದ ವಿಭಾಗ ಕಟ್ಟಿದವರು ಸಿ.ಎನ್.ಆರ್. ರಾವ್. ಈ ವಿದ್ಯೆ ನಮಗೆ ದೂರದ್ದಲ್ಲ, ನಮ್ಮ ನೆಲದಲ್ಲೂ ಬೆಳೆದದ್ದು ಎಂದು ಹುಡುಗಿಗೆ ಒತ್ತಿ ಹೇಳಿದೆ.

ನಮ್ಮ ಕಾಲೇಜುಗಳಲ್ಲಿ ಹೆಚ್ಚು ಓಡಾಡುವ ಪುಸ್ತಕಗಳು ಬೇರೆಯೇ ಇವೆ. 1957ರ ಡೆಕ್ಕರ್, 1975ರ ಅಲಿ ಒಮರ್, ನಮ್ಮವರೇ ಆದ ಎಸ್.ಓ. ಪಿಳ್ಳೈ. ಇವುಗಳ ಉಪಕಾರವನ್ನು ನಾನು ಮರೆಯಲಾರೆ. ಪಿಳ್ಳೈ ಪುಸ್ತಕದಿಂದ ಪಾಸಾಗಿ ಬದುಕು ಕಟ್ಟಿಕೊಂಡವರು ಸಾವಿರಾರು. ಒಮರ್ ಅವರ ಅರೆವಾಹಕದ ಅಧ್ಯಾಯಗಳು ಹೊಸಬರಿಗೆ ಬಹಳ ತಿಳಿ. ಇವನ್ನು ಮೆಟ್ಟಿಲಾಗಿ ಬಳಸಿ, ಮೇಲೆ ಹತ್ತಿ. ಆದರೆ ಹಿಂದಿನ ಹತ್ತು ವರ್ಷದ ಪ್ರಶ್ನೆಪತ್ರಿಕೆಗಳ ಉತ್ತರ ಕಟ್ಟಿಕೊಡುವ ಗೈಡುಗಳನ್ನು ಮಾತ್ರ ಮುಟ್ಟಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಗೈಡಿನಿಂದ ಓದಿದ ಹುಡುಗರು ನೆಟ್ ಪರೀಕ್ಷೆಯಲ್ಲೋ ಪಿಎಚ್.ಡಿ. ಸಂದರ್ಶನದಲ್ಲೋ ಮೊದಲ ಪ್ರಶ್ನೆಗೆ ಕೂತುಬಿಡುವುದನ್ನು ನಾನು ಎದುರಿಗೇ ಕಂಡಿದ್ದೇನೆ. ಡಿಬೈ ಸೂತ್ರ ಗೊತ್ತು, ಆದರೆ ವಜ್ರದ ಡಿಬೈ ತಾಪ (ಸ್ಫಟಿಕದ ಕಂಪನಗಳೆಲ್ಲ ಎಚ್ಚರಗೊಳ್ಳಲು ಬೇಕಾದ ತಾಪ) 2,000 ಕೆಲ್ವಿನ್‌ಗಿಂತ ಹೆಚ್ಚು, ಸೀಸದ್ದು 100ರ ಆಸುಪಾಸು ಯಾಕೆ ಎಂದರೆ ಮೌನ. ಒಂದು ಬಿಗಿ ಮತ್ತು ಹಗುರ, ಇನ್ನೊಂದು ಮೆದು ಮತ್ತು ಭಾರ ಎಂದು ಹೇಳಲು ಸೂತ್ರ ಬೇಡ, ಪರಿಚಯ ಬೇಕು.

ಫೋನಿನಲ್ಲಿ ನೂರು ಪುಸ್ತಕ ಇಳಿಸಿಕೊಂಡು ಒಂದನ್ನೂ ಓದದಿರುವುದು ಈಗಿನ ಇನ್ನೊಂದು ಕಷ್ಟ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ, ಹಿಂದಿನವರು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಲೆಕ್ಕ ಬಿಡಿಸಿದ ಪ್ರತಿ ಸಿಕ್ಕರೆ ಬಿಡಬೇಡಿ. ನನ್ನ ಕಿಟೆಲ್ ಐದನೆಯ ಆವೃತ್ತಿಯದು, ಅಲ್ಲಿಂದಲೇ ತಂದದ್ದು. ಯಾರೋ ಅಪರಿಚಿತರು ಅಂಚಿನಲ್ಲಿ ಬರೆದ ಟಿಪ್ಪಣಿಯಿಂದಲೇ ವ್ಯುತ್ಕ್ರಮ ಜಾಲಕ ಎಂಬ ಕಠಿಣ ಕಲ್ಪನೆ ನನಗೆ ಅರ್ಥವಾಯಿತು.

ಕೊನೆಗೆ ಹುಡುಗಿಯ ಪ್ರಶ್ನೆಗೆ ಬಂದೆ. ಕಿಟೆಲ್ ತಗೊಳ್ಳಲೋ ಬೇಡವೋ? ತಗೋ, ಆದರೆ ಅಜ್ಜ ತಮ್ಮ ಕಿಟೆಲನ್ನು ಬಳಸಿದ ಹಾಗೆ ಬಳಸು ಎಂದೆ. ಅಜ್ಜ ನಿಘಂಟನ್ನು ಮೊದಲ ಪುಟದಿಂದ ಓದಿ ಕನ್ನಡ ಕಲಿತವರಲ್ಲ. ಕಾವ್ಯ ಓದುವಾಗ ಪದಕ್ಕೆ ತಡವರಿಸಿದರೆ ಎದ್ದು ಹೋಗಿ ತೆರೆಯುತ್ತಿದ್ದರು. ಚಾರ್ಲ್ಸ್ ಕಿಟೆಲ್ ಪುಸ್ತಕದಲ್ಲೂ ಮೂಲವಸ್ತುಗಳ ಕೋಷ್ಟಕದ ಮಾದರಿಯಲ್ಲೇ ಅಚ್ಚು ಹಾಕಿದ ಪಟ್ಟಿಗಳಿವೆ: ಯಾವ ಮೂಲವಸ್ತುವಿನ ಸ್ಫಟಿಕ ಯಾವ ಆಕಾರ, ಅದರ ಡಿಬೈ ತಾಪ ಎಷ್ಟು, ಅದು ಎಷ್ಟು ತಣಿದಾಗ ಅತಿವಾಹಕವಾಗುತ್ತದೆ. ಬೇಕಾದ್ದು ಕ್ಷಣದಲ್ಲಿ ಸಿಗುತ್ತದೆ. ಅದು ಕೈಯೆಟುಕಿನಲ್ಲಿ ಇರಲಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲು ಆ್ಯಶ್‌ಕ್ರಾಫ್ಟ್-ಮರ್ಮಿನ್ ಇರಲಿ. ರಜೆಯಲ್ಲಿ ಸೈಮನ್ ಓದಿ ಹೋಗು, ಎರಡನೆಯ ವರ್ಷ ಗರ್ವಿನ್-ಯಾಂಗ್ ತೆರೆ. ಕ್ವಾಂಟಂ ಮೆಕ್ಯಾನಿಕ್ಸ್ ಮತ್ತು ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಗಟ್ಟಿಯಾಗಿಲ್ಲದಿದ್ದರೆ ಮೊದಲು ಅವನ್ನು ಗಟ್ಟಿ ಮಾಡಿಕೋ, ಇಲ್ಲದಿದ್ದರೆ ಯಾವ ಪುಸ್ತಕವೂ ದಡ ಸೇರಿಸದು.

34 ಅಧ್ಯಾಯ. ವಾರಕ್ಕೊಂದು ಓದಿ, ಪ್ರತಿ ಅಧ್ಯಾಯಕ್ಕೆ ಎರಡೇ ಲೆಕ್ಕ ಬಿಡಿಸಿದರೂ ಒಂದು ವರ್ಷ ಮುಗಿಯುವುದರೊಳಗೆ ಪುಸ್ತಕವೂ ಮುಗಿಯುತ್ತದೆ, 68 ಲೆಕ್ಕವೂ ಕೈವಶವಾಗುತ್ತದೆ. ಎಂ.ಎಸ್ಸಿ. ಸೇರುತ್ತಿರುವ ಎಲ್ಲ ಮಕ್ಕಳಿಗೂ ನನ್ನದು ಇದೇ ಮಾತು. ಒಂದು ಪುಸ್ತಕ ಆರಿಸಿ, ಬೆಂಚಿನ ಇನ್ನೊಬ್ಬ ಗೆಳತಿಯನ್ನೋ ಗೆಳೆಯನನ್ನೋ ಜೊತೆಗೆ ಕೂರಿಸಿಕೊಂಡು, ಪೆನ್ಸಿಲ್ ಹಿಡಿದು ಇವತ್ತೇ ಮೊದಲ ಅಧ್ಯಾಯ ಶುರು ಮಾಡಿ.